ಸಭಿಕನ ಪಾಲು

ಗೃಹಕೃತ್ಯದ ಭಾರದಿಂದ ಬಳಲಿದ ದಂಪತಿಗಳು ವರ್ಷಕ್ಕೊಂದೆರಡು ಬಾರಿ ಮನೆಯನ್ನೂ ಮಕ್ಕಳನ್ನೂ ಹಿರಿಯರ ವಶಕ್ಕೆ ಒಪ್ಪಿಸಿ, ಎರಡು ದಿನಗಳ ಮಟ್ಟಿಗೆ ಬೆಟ್ಟದ ಬುಡಕ್ಕೋ ನೀರಿನ ದಡಕ್ಕೋ ಹೋಗಿಬರುವುದರಲ್ಲಿ ಆಕ್ಷೇಪಿಸತಕ್ಕದ್ದು ಏನೂ ಇಲ್ಲ. ನಮ್ಮ ಹಿರಿಯರು ಅದಕ್ಕೆ ಹರಕೆಯ ನೆಪವನ್ನೋ ಜಾತ್ರೆಯ ನೆಪವನ್ನೋ ಒಡ್ಡಿಕೊಳ್ಳುತ್ತಿದ್ದರು. ನಾವು ನೆಪವನ್ನು ಬಿಟ್ಟು ರಜೆಯೆಂದೇ ಹೇಳುತ್ತೇವೆ. ಮಾಗಡಿಯ ಸೀಮೆಯಲ್ಲಿ ಈ ಎರಡು ಬಗೆಯ ಯಾತ್ರಿಕರೂ ಇಂದಿಗೂ ಒಂದೇ ದಾರಿಯಲ್ಲಿ ಎದುರಾಗುವುದುಂಟು. ಸಾವನದುರ್ಗದ ತಪ್ಪಲಿನಲ್ಲಿರುವ ವೀರಭದ್ರಸ್ವಾಮಿ, ನರಸಿಂಹಸ್ವಾಮಿಯರ ಗುಡಿಗಳಿಗೆ ಹಣ್ಣುಕಾಯಿ ಹಿಡಿದು ಬರುವ ಸುತ್ತಲ ಹಳ್ಳಿಗಳ ಗಂಡಹೆಂಡಿರು ಒಂದು ಕಡೆ. ಅದೇ ದುರ್ಗದ ಕರಿಗುಡ್ಡದ ಬೋಳುಬಂಡೆಯನ್ನು ಬೆಳಗಿನ ತಂಪಿನಲ್ಲಿ ಹತ್ತಿಳಿದು, ಮಂಚನಬೆಲೆಯ ಹಿನ್ನೀರಿನ ಸಮೀಪದ ಯಾವುದೋ ರೆಸಾರ್ಟಿನಲ್ಲಿ ರಾತ್ರಿ ಕಳೆದು, ಭಾನುವಾರ ಸಂಜೆ ಮಾಗಡಿ ರಸ್ತೆಯ ವಾಹನಸಂದಣಿಗೆ ಮರಳುವ ಬೆಂಗಳೂರಿನ ತರುಣ ದಂಪತಿಗಳು ಮತ್ತೊಂದು ಕಡೆ. ಸಮುದ್ರಮಟ್ಟದಿಂದ 1226 ಮೀಟರು ಎತ್ತರದಲ್ಲಿ ತಲೆಯೆತ್ತಿ ನಿಂತಿರುವ ಆ ಏಕಶಿಲಾಪರ್ವತ ಇಬ್ಬರನ್ನೂ ಸಮವಾಗಿ ಬೆವರಿಸುತ್ತದೆ.

ಇಂಥ ವಿಹಾರಕ್ಕೆ ಜೂಜಿನ ಮೇಜೊಂದನ್ನು ಕೂಡಿಸಿದರೆ ಪ್ರವಾಸಿಗೂ ವಿನೋದ, ಬೊಕ್ಕಸಕ್ಕೂ ಲಾಭ ಎಂಬ ವಾದ ನಮ್ಮಲ್ಲಿ ಆಗಾಗ ತಲೆಯೆತ್ತುತ್ತದೆ. 2020ರ ಫೆಬ್ರವರಿಯಲ್ಲಿ, ಅಂದಿನ ಪ್ರವಾಸೋದ್ಯಮ ಸಚಿವ ಸಿ.ಟಿ. ರವಿಯವರು ಪ್ರವಾಸೋದ್ಯಮದ ಅಭಿವೃದ್ಧಿಯ ಪ್ರಸ್ತಾಪದಲ್ಲಿ ಕ್ಯಾಸಿನೋಗಳ ಮಾತನ್ನೆತ್ತಿದಾಗ ಎದ್ದ ಗದ್ದಲ, ಅನಂತರ ಬಂದ ಸ್ಪಷ್ಟೀಕರಣದೊಡನೆ ತಣ್ಣಗಾಯಿತು; ವಾದ ಮಾತ್ರ ತಣ್ಣಗಾಗಲಿಲ್ಲ. ರಾಜಧಾನಿಯಿಂದ ಒಂದೆರಡು ಗಂಟೆಗಳ ದಾರಿಯಲ್ಲಿ ಬೆಟ್ಟ, ಕಾಡು, ಜಲಾಶಯ ಮೂರನ್ನೂ ಇಟ್ಟುಕೊಂಡಿರುವ ರಾಮನಗರ, ಮಾಗಡಿ, ಕನಕಪುರಗಳ ಸೀಮೆಯು, 2025ರಲ್ಲಿ ಬೆಂಗಳೂರು ದಕ್ಷಿಣ ಜಿಲ್ಲೆಯೆಂಬ ಹೆಸರನ್ನು ಹೊತ್ತ ಮೇಲಂತೂ, ಅಂಥ ಯೋಜನೆಗಳ ಕಣ್ಣಿಗೆ ಮೊದಲು ಬೀಳತಕ್ಕ ನೆಲ. ಆದುದರಿಂದ ಗದ್ದಲವಿಲ್ಲದ ಕಾಲದಲ್ಲಿಯೇ ವಿಚಾರ ಮಾಡಿಕೊಳ್ಳುವುದು ಲೇಸು. ಜೂಜು ಪಾಪವೇ ಅಲ್ಲವೇ ಎಂಬ ಹಳೆಯ ಚರ್ಚೆಯನ್ನು ನಾನು ಇಲ್ಲಿ ಎತ್ತಿಕೊಳ್ಳುವುದಿಲ್ಲ. ಅದರಲ್ಲಿ ನನಗೆ ಆಸಕ್ತಿಯೂ ಕಡಿಮೆ. ನನ್ನ ಪ್ರಶ್ನೆ ಇಷ್ಟು: ಗಂಡಹೆಂಡಿರಿಬ್ಬರು ವಿನೋದಕ್ಕೆಂದು ಆಡಹೋದ ಕಡೆ, ಎಂದೆಂದಿಗೂ ಸೋಲದ ಮೂರನೆಯವನೊಬ್ಬ ಕುಳಿತಿದ್ದರೆ ಅದನ್ನು ಆಟವೆನ್ನಬಹುದೇ, ಮತ್ತು ಆ ಮೂರನೆಯವನ ಪಾಲುದಾರನಾಗಿ ಪ್ರಜೆಗಳ ಸರ್ಕಾರ ಕೂರಬಹುದೇ?

ಈ ವ್ಯವಹಾರ ಪರಿಪಾಕಕ್ಕೆ ಬಂದ ಸ್ಥಳವೊಂದು ಅಮೆರಿಕದ ಪಶ್ಚಿಮದಲ್ಲಿದೆ. ಸಿಯೆರಾ ನೆವಾಡಾ ಪರ್ವತಶ್ರೇಣಿಯ ನಡುವೆ, ಸುಮಾರು 1900 ಮೀಟರು ಎತ್ತರದಲ್ಲಿ, 500 ಮೀಟರು ಆಳದ ಟಾಹೋ ಸರೋವರವಿದೆ. ಸುತ್ತಣ ಶಿಖರಗಳು ಹಿಮದಲ್ಲಿ ಹುದುಗಿ ಹೋದಾಗಲೂ ಆಳದ ಕಾರಣದಿಂದ ಅದರ ನೀರು ಹೆಪ್ಪುಗಟ್ಟುವುದಿಲ್ಲ. ಕ್ಯಾಲಿಫೋರ್ನಿಯಾ ಮತ್ತು ನೆವಾಡಾ ರಾಜ್ಯಗಳ ಗಡಿರೇಖೆ ಆ ಸರೋವರದ ಮೇಲೆಯೇ ಹಾದುಹೋಗುತ್ತದೆ. ಆರ್ಥಿಕ ಕುಸಿತದ ದುರ್ದಿನಗಳಲ್ಲಿ, 1931ರಲ್ಲಿ, ನೆವಾಡಾ ಜೂಜಿಗೆ ಶಾಸನದ ಮುದ್ರೆಯೊತ್ತಿತು. ನೆರೆಯ ಕ್ಯಾಲಿಫೋರ್ನಿಯಾ ಒತ್ತಲಿಲ್ಲ. ಅದರ ಫಲವಾಗಿ ದಕ್ಷಿಣ ದಡದಲ್ಲಿ ಗಡಿಗೆ ಬೆನ್ನು ತಾಗಿಸಿಕೊಂಡಂತೆ ಬಹುಮಹಡಿಯ ಕ್ಯಾಸಿನೋಗಳು ನೆವಾಡಾದ ನೆಲದಲ್ಲಿ ಎದ್ದು ನಿಂತವು. ನಾಲ್ಕು ಹೆಜ್ಜೆ ಈಚೆಗೆ ಬಂದರೆ ಕ್ಯಾಲಿಫೋರ್ನಿಯಾದ ಸಾಧಾರಣ ವಸತಿಗೃಹಗಳು. ಸ್ಯಾನ್ ಹೋಸೆ, ಫ್ರೀಮಾಂಟ್ ಮೊದಲಾದ ಊರುಗಳಲ್ಲಿ ನೆಲೆಸಿರುವ ನಮ್ಮ ಕನ್ನಡ ಕುಟುಂಬಗಳಿಗೆ ಅದು ನಾಲ್ಕು ಗಂಟೆಗಳ ಕಾರಿನ ದಾರಿ. ಊರಿನಿಂದ ಬಂದ ತಂದೆತಾಯಿಗಳಿಗೂ ಅತ್ತೆಮಾವಂದಿರಿಗೂ ಹಿಮವೆಂದರೆ ಏನೆಂಬುದನ್ನು ತೋರಿಸಲು ಅವರು ಮೊದಲು ಕರೆದೊಯ್ಯುವ ಸ್ಥಳಗಳಲ್ಲಿ ಅದೂ ಒಂದು.

ಚಳಿಗಾಲದ ಟಾಹೋ ಪ್ರವಾಸಕ್ಕೆ ಒಂದು ಪೂರ್ವೇತಿಹಾಸವುಂಟು. ರೀನೋ ನಗರದಲ್ಲಿ ಜೂಜುಗೃಹ ನಡೆಸುತ್ತಿದ್ದ ಬಿಲ್ ಹ್ಯಾರಾ ಎಂಬಾತ 1955ರಲ್ಲಿ ಈ ಸರೋವರದ ದಡಕ್ಕೆ ಕಾಲಿಟ್ಟಾಗ ಅಲ್ಲಿನ ಹಂಗಾಮು ಬೇಸಿಗೆಯದಾಗಿತ್ತು. ಹಿಮ ಬೀಳಲಾರಂಭಿಸಿದರೆ ಬಾಗಿಲು ಹಾಕುವುದು ಅಲ್ಲಿನವರ ವಾಡಿಕೆ. ಹ್ಯಾರಾ ಬಾಗಿಲು ಹಾಕಲಿಲ್ಲ. ಕ್ಯಾಲಿಫೋರ್ನಿಯಾದ ಊರುಗಳಿಂದ ಬಸ್ಸುಗಳನ್ನು ಗೊತ್ತುಮಾಡಿ, ಸಾಮಾನ್ಯ ಸಂಸಾರಸ್ಥರನ್ನು ಪರ್ವತದ ಮೇಲಕ್ಕೆ ಹತ್ತಿಸಿ ತಂದು, ಮೇಜುಗಳ ಮುಂದೆ ಕೂರಿಸಿ, ಮತ್ತೆ ಬಸ್ಸಿನಲ್ಲಿಯೇ ಹಿಂದಕ್ಕೆ ಕಳುಹಿಸುವ ಏರ್ಪಾಡನ್ನು ಮಾಡಿದ. ಹಿಮಾಚ್ಛಾದಿತ ಸರೋವರತೀರದಲ್ಲಿ ದಂಪತಿಗಳ ಏಕಾಂತವಿಹಾರವೆಂದು ಜಾಹೀರಾತುಗಳು ಇಂದು ಎಷ್ಟೇ ರಮ್ಯವಾಗಿ ವರ್ಣಿಸಲಿ, ಅದರ ಮೂಲದಲ್ಲಿರುವುದು ಖಾಲಿ ಬಿದ್ದ ಮೇಜನ್ನು ತುಂಬಿಸುವ ಒಂದು ವ್ಯಾಪಾರಬುದ್ಧಿ. ಇದರಲ್ಲಿ ತಪ್ಪೇನೂ ಇಲ್ಲವೆನ್ನಿ. ಎಲ್ಲ ವ್ಯಾಪಾರವೂ ಹಾಗೆಯೇ ನಡೆಯುವುದು. ಆದರೆ ಕೋಣೆಯ ಬಾಡಿಗೆ ಅಗ್ಗವಾಗಿ, ಊಟದ ಚೀಟಿ ಉಚಿತವಾಗಿ, ಪಾನೀಯ ಕೇಳುವ ಮೊದಲೇ ಕೈಗೆ ಬಂದಾಗ, ಆ ವೆಚ್ಚವನ್ನೆಲ್ಲ ಯಾರು ಎಲ್ಲಿಂದ ತುಂಬಿಕೊಡುತ್ತಿದ್ದಾರೆಂದು ಕೇಳಿಕೊಳ್ಳುವ ವ್ಯವಧಾನ ಅತಿಥಿಗೆ ಇರಬೇಕಷ್ಟೆ.

ಉತ್ತರ ಗೋಪ್ಯವೇನಲ್ಲ, ಮೇಜಿನ ಮೇಲೆಯೇ ಇದೆ. ರೂಲೆಟ್ ಎಂಬ ಚಕ್ರವನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಅದರಲ್ಲಿ 37 ಮನೆಗಳು: ಹದಿನೆಂಟು ಕೆಂಪು, ಹದಿನೆಂಟು ಕಪ್ಪು, ಒಂದು ಹಸಿರು ಸೊನ್ನೆ. ಕೆಂಪಿನ ಮೇಲೆ 500 ರೂಪಾಯಿಯ ಬಿಲ್ಲೆಯನ್ನಿಟ್ಟವನಿಗೆ ಕೆಂಪು ಬಂದರೆ 500 ರೂಪಾಯಿ ಲಾಭ, ಬಾರದಿದ್ದರೆ 500 ನಷ್ಟ. ನೋಡಿದವರಿಗೆ ಸಮಬಲದ ಸ್ಪರ್ಧೆಯೆಂದೇ ತೋರುತ್ತದೆ. ಆದರೆ ಗುಂಡು ಹಸಿರು ಮನೆಗೆ ಬಿದ್ದಾಗ ಕೆಂಪಿನವನೂ ಸೋತ, ಕಪ್ಪಿನವನೂ ಸೋತ, ಗೆದ್ದದ್ದು ಜೂಜುಮನೆಯ ಒಡೆಯ. ಆ ಒಂದು ಹಸಿರು ಮನೆಯ ದೆಸೆಯಿಂದ ಪ್ರತಿ ಸುತ್ತಿನಲ್ಲಿಯೂ ಸರಾಸರಿ ನೂರಕ್ಕೆ 2.7 ರೂಪಾಯಿ ಆತನಿಗೆ ಸಂದಾಯವಾಗುತ್ತದೆ. ಅಮೆರಿಕದಲ್ಲಿ ಬಹುಮಟ್ಟಿಗೆ ಬಳಕೆಯಲ್ಲಿರುವ ಎರಡು ಸೊನ್ನೆಗಳ ಚಕ್ರದಲ್ಲಾದರೆ 5.26. ನೂರು ಸುತ್ತು ಆಡಿದ ದಂಪತಿಗಳು, ಅದೃಷ್ಟ ಹೆಚ್ಚೂ ಅಲ್ಲದೆ ಕಡಿಮೆಯೂ ಅಲ್ಲದೆ ನಡೆದರೆ, ಮೊದಲ ಚಕ್ರದಲ್ಲಿ 1350 ರೂಪಾಯಿಗಳನ್ನೂ ಎರಡನೆಯದರಲ್ಲಿ 2600ಕ್ಕೂ ಮೇಲ್ಪಟ್ಟು ಹಣವನ್ನೂ ಬಿಟ್ಟು ಏಳುತ್ತಾರೆ. ಒಂದು ಒಳ್ಳೆಯ ಊಟದ ಬೆಲೆ. ಇದಕ್ಕೇಕೆ ಇಷ್ಟು ಮಾತು ಎನ್ನಬಹುದು. ಆದರೆ ಊಟ ಮಾಡಿದವನಿಗೆ ಹೊಟ್ಟೆ ತುಂಬಿತೆಂಬ ಅರಿವು ತಾನಾಗಿ ಬರುತ್ತದೆ, ಇಲ್ಲಿ ಬರುವುದಿಲ್ಲ. ಇಪ್ಪತ್ತು ಸಾವಿರದೊಡನೆ ಕುಳಿತವರು ಅದೇ ಹಣವನ್ನು ಗೆದ್ದು ಸೋತು ಮತ್ತೆ ಗೆದ್ದು ಐವತ್ತು ಸಾವಿರದಷ್ಟು ಉರುಳಿಸುತ್ತಾರೆ. ಮನೆಯೊಡೆಯನ ಪಾಲು ಬರುವುದು ಅವರು ತಂದ ಇಪ್ಪತ್ತರ ಮೇಲಲ್ಲ, ಉರುಳಿದ ಐವತ್ತರ ಮೇಲೆ. ಆದುದರಿಂದ ಆತನಿಗೆ ಬೇಕಾದದ್ದು ಅತಿಥಿಯ ಸೋಲಲ್ಲ, ಅತಿಥಿಯ ಹೊತ್ತು. ಹಾಗಾಗಿಯೇ ಆ ಸಭಾಂಗಣಗಳಲ್ಲಿ ಸಾಮಾನ್ಯವಾಗಿ ಗಡಿಯಾರವಿರುವುದಿಲ್ಲ, ಕಿಟಕಿಯಿರುವುದಿಲ್ಲ. ಜಗತ್ತಿನ ಅತ್ಯಂತ ನಿರ್ಮಲವಾದ ಸರೋವರಗಳಲ್ಲೊಂದನ್ನು ನೋಡಬಂದವರನ್ನು ಅದು ಕಾಣದ ಕಡೆಗೇ ಮುಖಮಾಡಿಸಿ ಕೂರಿಸಲಾಗುತ್ತದೆ. ಹೆಂಡತಿ ಗೆಲ್ಲುತ್ತಿದ್ದರೆ ಗಂಡನಿಗೆ ಏಳೋಣವೆನ್ನಲು ಮನಸ್ಸಾಗದು. ಗಂಡ ಸೋಲುತ್ತಿದ್ದರೆ ಹೆಂಡತಿಗೆ ಏಳೋಣವೆನ್ನಲು ಧೈರ್ಯವಾಗದು.

ಆಟವನ್ನೂ ಪಣವನ್ನೂ ನಾನು ನಿಂದಿಸುತ್ತಿದ್ದೇನೆಂದು ಯಾರೂ ತಿಳಿಯಬೇಕಾದುದಿಲ್ಲ. ದಾಂಪತ್ಯಕ್ಕೂ ಪಗಡೆಗೂ ನಮ್ಮಲ್ಲಿ ಬಹು ಹಳೆಯ ನಂಟು. ಕಾರ್ತಿಕಶುದ್ಧ ಪಾಡ್ಯಮಿಯಂದು, ಎಂದರೆ ನಾವು ಬಲಿಪಾಡ್ಯಮಿಯೆನ್ನುವ ದಿನ, ದ್ಯೂತವಾಡುವುದನ್ನು ಧರ್ಮಗ್ರಂಥಗಳೇ ವಿಧಿಸಿವೆ. ಆ ದಿನ ಪಾರ್ವತಿಯು ಪಗಡೆಯಲ್ಲಿ ಪರಮೇಶ್ವರನನ್ನು ಗೆದ್ದಳೆಂಬುದು ಪುರಾಣ. ಎಲ್ಲೋರದ ಗುಹೆಗಳಲ್ಲಿ ಆ ಆಟವನ್ನು ಮತ್ತೆ ಮತ್ತೆ ಕಡೆದಿದ್ದಾರೆ: ಸೋತ ಶಿವ ಇನ್ನೊಂದಾಟವೆಂದು ಕೈಯೆತ್ತಿದ್ದಾನೆ, ದೇವಿ ಮುಖ ತಿರುಗಿಸಿದ್ದಾಳೆ. ನಮ್ಮ ಹಳೆಯ ದೇವಾಲಯಗಳ ಜಗಲಿಗಳ ಮೇಲೆ, ದುರ್ಗಗಳ ಕಾವಲು ಬಂಡೆಗಳ ಮೇಲೆ, ಚೌಕಾಬಾರದ ಮನೆಗಳನ್ನೂ ಅಳಿಗುಳಿಯ ಕುಳಿಗಳನ್ನೂ ಕೆತ್ತಿರುವುದನ್ನು ಕಾಣದವರು ಯಾರು? ಹೊಸದಾಗಿ ಮದುವೆಯಾದವರನ್ನು ಎದುರುಬದುರು ಕೂರಿಸಿ, ಬಿಂದಿಗೆಯ ನೀರಿನಲ್ಲಿ ಉಂಗುರವನ್ನು ಹುಡುಕಿಸಿ, ಯಾರ ಕೈ ಮೇಲಾಯಿತೆಂದು ನಗುವ ಪದ್ಧತಿಯೂ ಇದೇ ಜಾತಿಯದು. ಈ ಆಟಗಳಲ್ಲೆಲ್ಲ ಗೆದ್ದವರ ಗೆಲುವು ಸೋತವರ ಕೈಯಿಂದಲೇ ಬರಬೇಕು. ಗಂಡ ಸೋತದ್ದು ಹೆಂಡತಿಯ ಸೆರಗಿಗೆ, ಹೆಂಡತಿ ಸೋತದ್ದು ಗಂಡನ ಜೇಬಿಗೆ. ಮನೆಯ ಹಣ ಹೊಸಿಲನ್ನು ದಾಟುವುದಿಲ್ಲ. ಕೈಲಾಸದ ಆ ಪಗಡೆಯ ಹಾಸಿನ ಬಳಿ ನಂದಿಯೋ ಭೃಂಗಿಯೋ ಕುಳಿತು, ದೇವದಂಪತಿಗಳ ಪ್ರತಿಯೊಂದು ಆಟಕ್ಕೂ ನೂರಕ್ಕೆ ಐದರಂತೆ ಎತ್ತಿಟ್ಟುಕೊಂಡನೆಂದು ಯಾವ ಪುರಾಣವೂ ಹೇಳಿಲ್ಲ.

ಹಾಗೆ ಎತ್ತಿಟ್ಟುಕೊಳ್ಳುವವನೊಬ್ಬ ನಮ್ಮ ಧರ್ಮಶಾಸ್ತ್ರದಲ್ಲಿ ಇಲ್ಲದೆಯಿಲ್ಲ. ಅವನ ಹೆಸರು ಸಭಿಕ. ದ್ಯೂತಸಭೆಯನ್ನು ನಡೆಸಿ, ಹಾಸನ್ನೂ ದಾಳಗಳನ್ನೂ ಒದಗಿಸಿ, ಪಣದಲ್ಲಿ ಪಾಲು ಪಡೆಯುವವನು ಆತ. ಮನುವು ದ್ಯೂತವನ್ನು ರಾಜ್ಯದಿಂದಲೇ ಹೊರಹಾಕೆಂದು ವಿಧಿಸಿದರೆ, ಯಾಜ್ಞವಲ್ಕ್ಯನು ವ್ಯವಹಾರಜ್ಞನಾಗಿ ಸಭಿಕನ ಪಾಲನ್ನು ಗೊತ್ತುಮಾಡಿದ: ದೊಡ್ಡ ಪಣದಲ್ಲಿ ನೂರಕ್ಕೆ ಐದು, ಇತರ ಕಡೆ ಹತ್ತು, ಅದರಲ್ಲಿ ರಾಜನಿಗೆ ಸಲ್ಲತಕ್ಕದ್ದನ್ನು ಸಲ್ಲಿಸಿ, ಗೆದ್ದವನಿಗೆ ಗೆಲುವನ್ನು ವಸೂಲು ಮಾಡಿಕೊಡುವ ಹೊಣೆಯೂ ಅವನದೇ. ಆ ಸ್ಮೃತಿಗೆ ಮಿತಾಕ್ಷರವೆಂಬ ಪ್ರಸಿದ್ಧ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರ ನಮ್ಮ ಕಲ್ಯಾಣದ ಚಾಲುಕ್ಯರ ಆಸ್ಥಾನದವನೆಂಬುದನ್ನು ಕನ್ನಡಿಗರು ನೆನೆಯಬಹುದು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ದ್ಯೂತಾಧ್ಯಕ್ಷನೆಂಬ ಸರ್ಕಾರೀ ಅಧಿಕಾರಿಯೇ ಇದ್ದಾನೆ. ಗೆಲುವಿನಲ್ಲಿ ನೂರಕ್ಕೆ ಐದು ಅವನ ಸುಂಕ. ಆದರೆ ಜೂಜನ್ನು ಒಂದೇ ಕಡೆ ಸೇರಿಸುವುದರಲ್ಲಿ ಕೌಟಿಲ್ಯನಿಗಿದ್ದ ಒಂದು ಉದ್ದೇಶ, ಗುಪ್ತವಾಗಿ ಬದುಕುವ ವಂಚಕರನ್ನು ಅಲ್ಲಿ ಪತ್ತೆಹಚ್ಚುವುದು. ದೂರದ ಊರಿನ ಸಂಸಾರಸ್ಥರನ್ನು ಬಂಡಿ ಕಟ್ಟಿಸಿ ಕರೆತರುವುದಲ್ಲ. ಮೃಚ್ಛಕಟಿಕದಲ್ಲಿ, ಸೋತ ಸಂವಾಹಕನನ್ನು ಹತ್ತು ಸುವರ್ಣಗಳಿಗಾಗಿ ಉಜ್ಜಯಿನಿಯ ಬೀದಿಗಳಲ್ಲಿ ಅಟ್ಟಿಸಿಕೊಂಡು ಹೋಗುವ ಮಾಥುರನನ್ನು ಓದುಗರು ಬಲ್ಲರು. ಅವನೂ ಒಬ್ಬ ಸಭಿಕ. ಪ್ರಾಚೀನರು ಈ ಪಾತ್ರವನ್ನು ಮರೆಮಾಚಲಿಲ್ಲ, ಅವನಿಗೆ ವಿಹಾರಧಾಮದ ವೇಷವನ್ನೂ ತೊಡಿಸಲಿಲ್ಲ.

ವೇಷ ತೊಡಿಸಿದ ಪ್ರಸಂಗ ಒಂದುಂಟು. ಅದು ಎಲ್ಲರಿಗೂ ಗೊತ್ತಿರುವ ಕಥೆಯಾದರೂ ಈ ದೃಷ್ಟಿಯಿಂದ ಅದನ್ನು ಓದುವವರು ಕಡಿಮೆ. ಧರ್ಮರಾಯನನ್ನು ಹಸ್ತಿನಾವತಿಗೆ ಕರೆಯಿಸಿದ್ದು ಜೂಜಿನ ಆಹ್ವಾನದಿಂದ ಮಾತ್ರವಲ್ಲ. ಧೃತರಾಷ್ಟ್ರನು ಮೊದಲು ಸಾವಿರ ಕಂಬಗಳ, ನೂರು ಬಾಗಿಲುಗಳ ಹೊಸ ಸಭೆಯೊಂದನ್ನು ಕಟ್ಟಿಸಿದ. ಸೋದರರೊಡನೆ ಬಂದು ಸಭೆಯನ್ನು ನೋಡಿ, ಬಂಧುಗಳೊಡನೆ ಕುಳಿತು ಆಡಿ ಸಂತೋಷಪಡಲೆಂದು ವಿದುರನ ಮೂಲಕ ಹೇಳಿಕಳುಹಿಸಿದ. ಸುಂದರವಾದ ಸ್ಥಳ, ಆದರದ ಆತಿಥ್ಯ, ಸಪತ್ನೀಕವಾದ ಪ್ರಯಾಣ: ಇಂದಿನ ಪ್ರವಾಸೋದ್ಯಮದ ಸಕಲ ಲಕ್ಷಣಗಳೂ ಅದರಲ್ಲಿವೆ. ಆಟಕ್ಕೆ ಕುಳಿತ ಮೇಲೆ ದುರ್ಯೋಧನನು ಪಣವನ್ನು ತಾನು ಒಡ್ಡುವುದಾಗಿಯೂ ತನ್ನ ಪರವಾಗಿ ಮಾವ ಶಕುನಿ ಆಡುವನೆಂದೂ ತಿಳಿಸಿದ. ಆಗ ಧರ್ಮರಾಯ ಎತ್ತಿದ ಆಕ್ಷೇಪ ಸಣ್ಣದಲ್ಲ: ಒಬ್ಬನಿಗಾಗಿ ಮತ್ತೊಬ್ಬ ಆಡುವುದು ವಿಷಮವೆಂದು, ಸಮವಲ್ಲದ ಆಟವೆಂದು ಆತ ಹೇಳಿದ. ಹೇಳಿಯೂ ಆಡಿದ. ವ್ಯಾಖ್ಯಾನಕಾರರು ಶಕುನಿಯ ದಾಳಗಳ ಮಾಯೆಯನ್ನು ಕುರಿತು ಬಹಳ ಮಾತಾಡುತ್ತಾರೆ. ನನಗಾದರೋ ಆ ಆಟದ ದೋಷ ದಾಳದಲ್ಲಿ ಇರದಿದ್ದರೂ ಅನ್ಯಾಯ ಪೂರ್ಣವಾಗುತ್ತಿತ್ತೆಂದೇ ತೋರುತ್ತದೆ. ಒಂದು ಪಕ್ಷದಲ್ಲಿ ತನ್ನ ರಾಜ್ಯವನ್ನೂ ತಮ್ಮಂದಿರನ್ನೂ ತನ್ನನ್ನೂ ಒಡ್ಡುವ ಮನುಷ್ಯ. ಇನ್ನೊಂದು ಪಕ್ಷದಲ್ಲಿ ತನ್ನದೇನನ್ನೂ ಒಡ್ಡದೆ ಕೇವಲ ಕೈಚಳಕದ ನೌಕರಿ ಮಾಡುವವನು, ಅವನ ಹಿಂದೆ ಬರಿದಾಗದ ಭಂಡಾರ. ಕೊನೆಗೆ ದ್ರೌಪದಿ ಕೇಳಿದ ಪ್ರಶ್ನೆ, ತನ್ನನ್ನು ತಾನು ಮೊದಲೇ ಸೋತವನಿಗೆ ಹೆಂಡತಿಯನ್ನು ಒಡ್ಡುವ ಅಧಿಕಾರವೆಲ್ಲಿಂದ ಬಂತೆಂಬುದು, ಆಟಗಾರನನ್ನು ಮಾತ್ರವಲ್ಲದೆ ಆ ಸಭೆಯನ್ನೂ ಅದರ ಯಜಮಾನನನ್ನೂ ಕುರಿತದ್ದು. ಕುಳಿತಿದ್ದ ಹಿರಿಯರಲ್ಲಿ ಭೀಷ್ಮನೂ ಧರ್ಮ ಸೂಕ್ಷ್ಮವೆಂದು ಜಾರಿಕೊಂಡ.

ನಮ್ಮ ಇಂದಿನ ಕಾನೂನೂ ಅದೇ ಸೂಕ್ಷ್ಮದಲ್ಲಿ ತೊಡಕಿಕೊಂಡಿದೆ. ಕುಶಲತೆಯ ಆಟ ಜೂಜಲ್ಲ, ಕೇವಲ ಅದೃಷ್ಟದ ಆಟ ಜೂಜು ಎಂಬುದು ಅದರ ಮುಖ್ಯ ವಿಂಗಡಣೆ. ರಮ್ಮಿಯಲ್ಲಿ ಕುಶಲತೆ ಪ್ರಧಾನವೆಂದು ಸತ್ಯನಾರಾಯಣ ಪ್ರಕರಣದಲ್ಲಿಯೂ, ಕುದುರೆಪಂದ್ಯದಲ್ಲಿ ಕುಶಲತೆ ಪ್ರಧಾನವೆಂದು 1996ರ ಲಕ್ಷ್ಮಣನ್ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಹೇಳಿತು. ಕುದುರೆಯ ಮಾತು ಬಂದುದರಿಂದ ಒಂದು ಮಾತು: ಮಾಗಡಿಯ ನೆರೆಯ ಕುಣಿಗಲಿನಲ್ಲಿ ಟಿಪ್ಪುವಿನ ಅಶ್ವದಳಕ್ಕಾಗಿ ಕುದುರೆ ಸಾಕಿದ ಫಾರಂ ಕಾಲಾಂತರದಲ್ಲಿ ಪಂದ್ಯದ ಕುದುರೆಗಳ ತವರಾಯಿತು, ಯುದ್ಧದಲ್ಲಿ ಸವಾರನ ಪ್ರಾಣವನ್ನು ಹೊತ್ತು ಓಡುವ ಕುದುರೆಗಳು ಬೆಳೆದ ಕಡೆಯೇ ಬೆಂಗಳೂರಿನ ಪಂದ್ಯದ ಮೈದಾನದಲ್ಲಿ ಪ್ರೇಕ್ಷಕನ ಚೀಟಿಯನ್ನು ಹೊತ್ತು ಓಡುವ ಕುದುರೆಗಳು ಬೆಳೆದವು, ಆ ಓಟಕ್ಕೆ ಕಾನೂನಿನ ರಕ್ಷೆಯೂ ಇದೆ. ಇತ್ತ ಇದೇ ಸೀಮೆಯ ತೆಂಗಿನ ತೋಟವೊಂದರಲ್ಲಿ ಟವೆಲು ಹಾಸಿ, ಬಂದ ಎಲೆ ಒಳಗೋ ಹೊರಗೋ ಎಂದು ನೂರಿನ್ನೂರು ರೂಪಾಯಿಗಳ ಅಂದರ್-ಬಾಹರ್ ಆಡುವ ಎಂಟು ಮಂದಿಯ ಮೇಲೆ ಪೊಲೀಸರ ದಾಳಿಯಾಗುತ್ತದೆ. ಪಣಕ್ಕಿಟ್ಟಿದ್ದ ನಗದು, ಇಸ್ಪೀಟು ಎಲೆ, ದ್ವಿಚಕ್ರ ವಾಹನಗಳ ವಶವೆಂದು ಮರುದಿನದ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲು ಬರುತ್ತದೆ. ಅದೇ ವಾರ ಅದರ ನೂರುಪಟ್ಟು ಹಣವನ್ನು ಗೋವಾದ ಪಣಜಿಯ ಕ್ಯಾಸಿನೋ ಹಡಗಿನಲ್ಲಿ ಒಡ್ಡಿಬಂದವನು ಕಚೇರಿಯಲ್ಲಿ ಅದನ್ನು ವಿನೋದಪ್ರಸಂಗವಾಗಿ ಹೇಳಿಕೊಳ್ಳುತ್ತಾನೆ. ಅದೃಷ್ಟ ಎರಡೂ ಕಡೆ ಒಂದೇ. ಕುಶಲತೆ ಎರಡೂ ಕಡೆ ಇಲ್ಲ. ಈ ವಿಂಗಡಣೆಯಿಂದ ನ್ಯಾಯ ಸಿಕ್ಕುವುದಿಲ್ಲ.

ಆದರೆ ಅದೇ ಕಾನೂನಿನಲ್ಲಿ, ಅಷ್ಟಾಗಿ ಯಾರೂ ಗಮನಿಸದ ಇನ್ನೊಂದು ವಿಂಗಡಣೆ ಹುದುಗಿದೆ. 1867ರ ಸಾರ್ವಜನಿಕ ಜೂಜು ಅಧಿನಿಯಮವು ಜೂಜಿನ ಅಡ್ಡೆಯೆಂದರೆ ಏನೆಂಬುದನ್ನು ನಿರೂಪಿಸುವಾಗ, ಆ ಸ್ಥಳವನ್ನು ಇಟ್ಟುಕೊಂಡವನ ಲಾಭಕ್ಕಾಗಿ ಆಟದ ಸಾಮಗ್ರಿ ಅಲ್ಲಿ ಇರಬೇಕೆಂಬುದನ್ನು ಲಕ್ಷಣವಾಗಿ ಹೇಳಿತು. ಸತ್ಯನಾರಾಯಣ ಪ್ರಕರಣದಲ್ಲಿಯೂ ನ್ಯಾಯಾಲಯ ಸಿಕಂದರಾಬಾದಿನ ಕ್ಲಬ್ಬಿನವರನ್ನು ಬಿಡುಗಡೆ ಮಾಡುತ್ತ, ಆಟಗಾರರಿಂದ ಅಲ್ಪ ಶುಲ್ಕವನ್ನು ಪಡೆಯುವುದು ಬೇರೆ, ಆಟದಿಂದಲೇ ಮನೆಯೊಡೆಯ ಲಾಭಗಳಿಸುವುದು ಬೇರೆಯೆಂದು ಸೂಚಿಸಿ, ಎರಡನೆಯದು ಕಂಡುಬಂದರೆ ಅಪರಾಧವಾಗಬಹುದೆಂಬ ಬಾಗಿಲನ್ನು ತೆರೆದೇ ಇಟ್ಟಿತು. ಎಂದರೆ ಯಾಜ್ಞವಲ್ಕ್ಯನ ಸಭಿಕನನ್ನು ನಮ್ಮ ನ್ಯಾಯಮೂರ್ತಿಗಳೂ ಗುರುತಿಸಿದ್ದರು. ನಾನು ಹಿಡಿಯುವ ಅಳತೆಗೋಲು ಇದೇ. ಎಂಟು ಮಂದಿ ತಮ್ಮತಮ್ಮೊಳಗೆ ಆಡಿ, ತಮ್ಮತಮ್ಮೊಳಗೆ ಸೋತು ಗೆಲ್ಲುವ ಕಡೆ ಪೊಲೀಸರಿಗೆ ಅಷ್ಟು ಕೆಲಸವಿರಬೇಕಾದುದಿಲ್ಲ. ಆಡುವವರೆಲ್ಲರಿಂದ ಎಂದೆಂದಿಗೂ ಪಾಲು ಎಳೆಯುತ್ತ ತಾನು ಮಾತ್ರ ಸೋಲದವನಿರುವ ಕಡೆ, ಅವನು ತೋಟದ ಅಡ್ಡೆಯವನಾಗಿರಲಿ ಪಂಚತಾರಾ ಹೋಟೆಲಿನವನಾಗಿರಲಿ, ಕಾನೂನಿಗೆ ಮೊದಲ ಕೆಲಸವಿದೆ.

ಇದಕ್ಕೆ ಬರುವ ಆಕ್ಷೇಪಗಳಲ್ಲಿ ವ್ಯಕ್ತಿಸ್ವಾತಂತ್ರ್ಯದ್ದು ಗೌರವಾರ್ಹವಾದದ್ದು. ಪ್ರಾಪ್ತವಯಸ್ಕರಾದ ಗಂಡಹೆಂಡಿರು ತಾವು ದುಡಿದ ಹಣವನ್ನು ಹೇಗೆ ಕಳೆದರೆ ಯಾರಿಗೇನು? ನಿಜ, ಟಾಹೋಗೋ ಪಣಜಿಗೋ ಹೋಗಿಬಂದ ದಂಪತಿಗಳನ್ನು ಉಪದೇಶದಿಂದ ಕಾಡುವುದು ನನ್ನ ಉದ್ದೇಶವಲ್ಲ, ಅವರಲ್ಲಿ ಬಹುಮಂದಿ ಒಂದು ರಾತ್ರಿಯ ಬೆಲೆ ತೆತ್ತು ನಗುತ್ತಲೇ ಹಿಂದಿರುಗುತ್ತಾರೆ. ಆದರೆ ಮೊನಾಕೋ ತನ್ನ ಪ್ರಜೆಗಳನ್ನು ಮಾಂಟೆ ಕಾರ್ಲೋದ ಜೂಜಿನ ಮೇಜಿಗೆ ಬಿಡುವುದಿಲ್ಲ. ನೇಪಾಳವೂ ತನ್ನ ನಾಗರಿಕರನ್ನು ಕಠ್ಮಂಡುವಿನ ಕ್ಯಾಸಿನೋಗಳಿಂದ ದೂರವಿಟ್ಟು ನೆರೆದೇಶದವರನ್ನು ಸ್ವಾಗತಿಸುತ್ತದೆ. ಸರಕಿನ ಗುಣವನ್ನು ಮಾರುವವನಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಹೇಗೂ ಬೇರೆಡೆಗೆ ಹೋಗುತ್ತಾರೆ, ಆ ಹಣ ನಮ್ಮಲ್ಲೇ ಉಳಿಯಲೆಂಬುದು ಇನ್ನೊಂದು ಆಕ್ಷೇಪ. ದೂರ ಎಂಬುದೇ ಒಂದು ತಡೆ ಎಂಬುದನ್ನು ಅದು ಮರೆಯುತ್ತದೆ: ವರ್ಷಕ್ಕೊಮ್ಮೆ ವಿಮಾನವೇರಿ ಹೋಗುವವನು, ಮಾಗಡಿ ರಸ್ತೆಯಲ್ಲಿಯೇ ಮೇಜು ಬಂದರೆ ಪ್ರತಿ ಶನಿವಾರ ಹೋದಾನು. ಕೈಯಲ್ಲಿಯೇ ಇದ್ದ ಮೊಬೈಲಿನ ಆಟಗಳು ಏನು ಮಾಡಿದವೆಂಬುದನ್ನು ನೋಡಿಯಾಗಿದೆ. 2021ರಲ್ಲಿ ನಮ್ಮ ರಾಜ್ಯ ಅವನ್ನು ನಿಷೇಧಿಸಿ, ಮರುವರ್ಷದ ಫೆಬ್ರವರಿಯಲ್ಲಿ ಉಚ್ಚ ನ್ಯಾಯಾಲಯ ಆ ತಿದ್ದುಪಡಿಯ ಮುಖ್ಯಭಾಗವನ್ನು ಅಸಿಂಧುಗೊಳಿಸಿ, ಕೊನೆಗೆ 2025ರಲ್ಲಿ ಕೇಂದ್ರದ ಶಾಸನವೇ ಹಣವೊಡ್ಡುವ ಆನ್‌ಲೈನ್ ಆಟಗಳನ್ನು ತಡೆಯಬೇಕಾಯಿತು.

ಸಾಹಸ ಬೇಡ, ಅನಿಶ್ಚಯ ಬೇಡವೆಂದು ಈ ಸೀಮೆಯ ಜನರಿಗೆ ಯಾರೂ ಹೇಳಬೇಕಾಗಿಲ್ಲ. ಅವರು ಬದುಕುವುದೇ ಅದರ ಮೇಲೆ. ಮೈಸೂರು ಸೀಮೆಗೆ ರೇಷ್ಮೆಯನ್ನು ತಂದು ಬೆಳೆಸಿದವನು ಟಿಪ್ಪು. 1791ರ ಡಿಸೆಂಬರ್ 21ರಂದು ಕಾರ್ನ್‌ವಾಲಿಸನ ಸೇನೆ ಸಾವನದುರ್ಗವನ್ನು ಅವನ ಕೈಯಿಂದ ಕಿತ್ತುಕೊಂಡಿತು, ಆದರೆ ಹುಳು ಉಳಿಯಿತು. ಇಂದು ರಾಮನಗರದ ಗೂಡಿನ ಮಾರುಕಟ್ಟೆ ಏಷ್ಯಾದಲ್ಲಿಯೇ ದೊಡ್ಡದೆಂದು ಹೆಸರಾಗಿದೆ. ಮೊಟ್ಟೆ ತಂದು, ಮರಿಹುಳುಗಳ ಚಾಕಿ ಕಟ್ಟಿ, ಹುಳು ಪೊರೆ ಕಳಚುವ ಒಂದೊಂದು ಜ್ವರದಿಂದ ಏಳುವಾಗಲೂ ಹೊತ್ತಿಗೆ ಸರಿಯಾಗಿ ಸೊಪ್ಪು ಹಾಕಿ, ಇಪ್ಪತ್ತೈದು ದಿನಗಳ ಆಸುಪಾಸಿನಲ್ಲಿ ಹಣ್ಣಾದ ಹುಳುವನ್ನು ಗೂಡು ಕಟ್ಟುವ ಚಂದ್ರಿಕೆಗೆ ಬಿಡುವವರೆಗೆ ಆ ಮನೆಯ ಗಂಡಹೆಂಡಿರಿಗೆ ನಿದ್ರೆಯಿಲ್ಲ. ನಡುವೆ ಹಾಲುತೊಂಡೆ ರೋಗ ಬಂದರೆ, ಸುಣ್ಣಕಟ್ಟು ರೋಗ ಬಂದರೆ, ಎರಡೇ ದಿನದಲ್ಲಿ ತಟ್ಟೆಗಳನ್ನೆಲ್ಲ ತಿಪ್ಪೆಗೆ ಸುರಿಯಬೇಕು. ಬೆಳೆ ಕೈಗೆ ಬಂದರೂ ಬೆಲೆ ಕೈಗೆ ಬಂದೀತೆಂಬ ಭರವಸೆಯಿಲ್ಲ. ಮಾರುಕಟ್ಟೆಯ ಲಾಟಿನ ಮುಂದೆ ಗೂಡಿನಿಂದ ನೂಲು ತೆಗೆಯುವ ರೀಲರ್ ಬಂದು ನಿಂತು, ರಾಶಿಯೊಳಕ್ಕೆ ಮೊಣಕೈವರೆಗೆ ಕೈಹಾಕಿ ಅಡಿಯ ಗೂಡನ್ನು ಮೇಲೆತ್ತಿ, ಬೆರಳಲ್ಲಿ ಒತ್ತಿ, ಕಿವಿಯ ಬಳಿ ಅಲ್ಲಾಡಿಸಿ, ಒಂದೆರಡನ್ನು ಸೀಳಿ ಒಳಗಿನ ಹುಳುವನ್ನು ನೋಡಿ, ಏನೂ ಹೇಳದೆ ಮುಂದಕ್ಕೆ ಹೋಗುತ್ತಾನೆ. ಕೂಗಿನ ಹರಾಜು ಹೋಗಿ ಮೊಬೈಲಿನ ಹರಾಜು ಬಂದಿರುವುದರಿಂದ ಅವನು ಎಷ್ಟಕ್ಕೆ ಕೇಳಿದನೆಂಬುದು ರೈತನಿಗೆ ತಿಳಿಯುವುದು ಆಮೇಲೆ. ಬೆಳೆಗಾರರು ತಾವೇ ಇದನ್ನು ಜೂಜೆಂದು ಕರೆದುಕೊಳ್ಳುವುದುಂಟು. ಆದರೆ ಈ ಜೂಜಿನಲ್ಲಿ ರೀಲರಿಗೂ ಸೋಲುಂಟು: ನೂಲು ಬಿಚ್ಚದ ಗೂಡನ್ನು ಕೊಂಡರೆ, ರೇಷ್ಮೆಯ ಧಾರಣೆ ಇಳಿದರೆ, ಅವನೂ ಕೈಸುಟ್ಟುಕೊಳ್ಳುತ್ತಾನೆ. ಬೆಲೆ ಒಪ್ಪಿಗೆಯಾಗದಿದ್ದರೆ ಒಲ್ಲೆನೆನ್ನುವ ಹಕ್ಕು ರೈತನಿಗುಂಟು. ಕೊನೆಗೆ ಇಬ್ಬರ ಸಾಹಸದಿಂದಲೂ ಒಂದು ಸೀರೆ ಹುಟ್ಟುತ್ತದೆ. ರೂಲೆಟ್ ಚಕ್ರದಿಂದ ಹುಟ್ಟುವುದು ಮತ್ತೊಂದು ಸುತ್ತು.

ಬೊಕ್ಕಸದ ವಾದಕ್ಕೆ ಮಾತ್ರ ಉತ್ತರ ಹೇಳುವುದು ಉಳಿದಿದೆ. ಲಾಟರಿಯ ಕಾಲದಲ್ಲಿ ನಮ್ಮ ಸರ್ಕಾರ ತಾನೇ ಸಭಿಕನಾಗಿತ್ತು. ಕೂಲಿಕಾರರ ದಿನದ ಸಂಬಳ ಟಿಕೆಟಿನ ಅಂಗಡಿಯಲ್ಲಿ ಕರಗುವುದನ್ನು ವರ್ಷಾನುಗಟ್ಟಲೆ ನೋಡಿದ ಮೇಲೆ, 2007ರಲ್ಲಿ, ರಾಮನಗರದ ಶಾಸಕರೇ ಆಗಿದ್ದ ಅಂದಿನ ಮುಖ್ಯಮಂತ್ರಿ ಎಚ್.ಡಿ. ಕುಮಾರಸ್ವಾಮಿಯವರ ಕಾಲದಲ್ಲಿ, ಅದನ್ನು ನಿಲ್ಲಿಸಲಾಯಿತು. ಆ ನಿರ್ಧಾರಕ್ಕೆ ಬೇಕಾದ ಮನೋಬಲ ಎಲ್ಲ ಸರ್ಕಾರಗಳಿಗೂ ಎಲ್ಲ ಕಾಲದಲ್ಲಿಯೂ ಬರುವುದಿಲ್ಲ. ಗೋವಾ ಅದಕ್ಕೆ ಸಾಕ್ಷಿ. ಅಲ್ಲಿ 1992ರ ತಿದ್ದುಪಡಿ ಪಂಚತಾರಾ ಹೋಟೆಲುಗಳಲ್ಲಿ ಜೂಜಿನ ಯಂತ್ರಗಳಿಗೆ ಅವಕಾಶ ಕೊಟ್ಟಿತು, 1996ರದು ಮೇಜಿನ ಆಟಗಳನ್ನು ಕಡಲಿನ ಹಡಗುಗಳಿಗೆ ಬಿಟ್ಟಿತು. ಹಡಗುಗಳು ಕಡಲಿಗೆ ಹೋಗಲಿಲ್ಲ; ಪಣಜಿಯ ಎದುರಿಗೆ ಮಾಂಡವಿ ನದಿಯಲ್ಲಿ ಲಂಗರು ಹಾಕಿ ನಿಂತವು. ಅವನ್ನು ಬೇರೆಡೆಗೆ ಸಾಗಿಸುವ ಮಾತನ್ನು ಒಂದರ ನಂತರ ಒಂದು ಸರ್ಕಾರ ಆಡಿದೆ. ಬೇರೆ ಸ್ಥಳ ಗೊತ್ತಾಗುವವರೆಗೆ ಎಂಬ ಷರತ್ತಿನ ಮೇಲೆ ಅವಧಿ ಮತ್ತೆ ಮತ್ತೆ ವಿಸ್ತರಣೆಯಾಗುತ್ತಲೇ ಬಂದಿದೆ. ಪರವಾನಗಿ ಶುಲ್ಕವೂ ತೆರಿಗೆಯೂ ಆಯವ್ಯಯದೊಳಗೆ ಒಮ್ಮೆ ಬೇರುಬಿಟ್ಟ ಮೇಲೆ, ಸಭಿಕನ ಪಾಲಿನಲ್ಲಿ ಪಾಲು ಪಡೆದವನಿಗೆ ಸಭೆಯನ್ನು ಮುಚ್ಚುವುದು ಸುಲಭವಲ್ಲ. ಆದುದರಿಂದ ಸಾವನದುರ್ಗದ ತಪ್ಪಲಿಗೋ ಮಂಚನಬೆಲೆಯ ದಡಕ್ಕೋ ಇಂಥ ಯೋಜನೆಯನ್ನು ಯಾರಾದರೂ ತರುವುದಾದರೆ, ಬರುವ ಆದಾಯದ ಅಂದಾಜಿನ ಜೊತೆಗೆ, ಇನ್ನು ಇಪ್ಪತ್ತು ವರ್ಷಗಳ ಮೇಲೆ ಅದನ್ನು ಮುಚ್ಚಬೇಕಾಗಿ ಬಂದಾಗ ಆಯವ್ಯಯದ ಆ ಸಾಲನ್ನು ಯಾವುದರಿಂದ ತುಂಬುತ್ತೇವೆಂಬುದನ್ನೂ ಮೊದಲ ದಿನವೇ ಬರೆದು ವಿಧಾನಮಂಡಲದ ಮುಂದಿಡಲಿ.